ಓದಿದರೆ ಅಳಿಯುವ ಅಂಕಿ

ಮೈಸೂರಿನ ಇಂಜಿನಿಯರಿಂಗ್ ಕಾಲೇಜುಗಳ ಲ್ಯಾಬಿನಲ್ಲಿ ಮಲ್ಟಿಮೀಟರನ್ನೋ ಆಸಿಲೋಸ್ಕೋಪನ್ನೋ ಕಂಪ್ಯೂಟರಿನಿಂದ ನಡೆಸಲು ಕಲಿಯುವವರನ್ನು ಒಂದು ಸಂಗತಿ ತಬ್ಬಿಬ್ಬು ಮಾಡುತ್ತದೆ. ಕಾಗುಣಿತ ತಪ್ಪಿದ ಆದೇಶವೊಂದನ್ನು ಕಳಿಸಿ ‘*ಇಎಸ್‌ಆರ್?’ ಎಂದು ಕೇಳಿದರೆ ಉಪಕರಣ 32 ಎನ್ನುತ್ತದೆ. ಖಾತ್ರಿಗೆಂದು ಮತ್ತೆ ಕೇಳಿದರೆ 0. ಮೀಟರೇನೂ ಕೆಟ್ಟಿಲ್ಲ. ಹೀಗೇ ಇರಬೇಕು ಎಂದು ಎಲ್ಲರೂ ಒಪ್ಪುವ ಹೊತ್ತಿಗೆ ಸುಮಾರು ಇಪ್ಪತ್ತು ವರ್ಷ ಕಳೆದಿದ್ದವು.

1960ರ ದಶಕದ ಕೊನೆಯಲ್ಲಿ ಅಮೆರಿಕದ ಹ್ಯೂಲೆಟ್ ಪ್ಯಾಕರ್ಡ್ ಕಂಪನಿ ತನ್ನ ಉಪಕರಣಗಳನ್ನೆಲ್ಲ ಒಂದೇ ಕೇಬಲ್ಲಿಗೆ ಕಟ್ಟಲು ಹೊರಟಿತು. ಮಾಹಿತಿಗೆ 8 ತಂತಿ, ಹ್ಯಾಂಡ್‌ಶೇಕಿಗೆ 3, ಮೇಲ್ವಿಚಾರಣೆಗೆ 5. ಕೂಡಿಸಬಹುದಾದ ಸಾಧನಗಳು 15. ಇದೇ 1975ರಲ್ಲಿ ಐಇಇಇ 488 ಎಂಬ ಮಾನಕವಾಯಿತು. ಅದರಲ್ಲಿ ಕಂಪ್ಯೂಟರಿನ ಗಮನ ಸೆಳೆಯುವ ಎಸ್‌ಆರ್‌ಕ್ಯೂ ತಂತಿ ಎಲ್ಲ ಉಪಕರಣಗಳಿಗೂ ಸೇರಿದ್ದು, ಒಂದೇ ಗಂಟೆಗೆ ಹಲವು ಹಗ್ಗ ಕಟ್ಟಿದ ಹಾಗೆ. ಗಂಟೆ ಕೇಳುತ್ತದೆ, ಎಳೆದವರು ಯಾರೆಂದು ತಿಳಿಯುವುದಿಲ್ಲ. ಕಂಪ್ಯೂಟರ್ ಒಬ್ಬೊಬ್ಬರನ್ನೇ ವಿಚಾರಿಸಬೇಕು. ವಿಚಾರಿಸಿದಾಗ ಪ್ರತಿ ಉಪಕರಣ ಒಂದು ಸ್ಟೇಟಸ್ ಬೈಟ್ ಕೊಡುತ್ತದೆ. ಅದರಲ್ಲಿ ‘ಕರೆದದ್ದು ನಾನೇ’ ಎನ್ನುವ ಒಂದು ಬಿಟ್ಟಿಗೆ ಮಾತ್ರ ಮಾನಕ ಅರ್ಥ ಕೊಟ್ಟಿತ್ತು. ಉಳಿದ ಏಳು ತಯಾರಕರ ಮರ್ಜಿ. ಮೀಟರ್ ಬದಲಿಸಿದರೆ ಪ್ರೋಗ್ರಾಮನ್ನೂ ತಿದ್ದಬೇಕಿತ್ತು.

ಆ ಅರಾಜಕತೆಗೆ ಕಡಿವಾಣ ಬಿದ್ದದ್ದು 1987ರಲ್ಲಿ, 488.2 ಬಂದಾಗ. ಘಟನೆಗಳಿಗೆಂದೇ ಎಂಟು ಬಿಟ್ಟಿನ ರಿಜಿಸ್ಟರ್ ನಿಗದಿಯಾಯಿತು, ‘*ಇಎಸ್‌ಆರ್?’ ಓದುವುದು ಇದನ್ನೇ: ಕೆಲಸ ಮುಗಿದರೆ 1, ಆದೇಶ ತಪ್ಪಾದರೆ 32, ವಿದ್ಯುತ್ ಹೋಗಿ ಬಂದರೆ 128. ರಾತ್ರಿಯಿಡೀ ಅಳತೆಗೆ ಬಿಟ್ಟು ಹೋಗಿ, ನಡುವೆ ಕರೆಂಟ್ ಕೈಕೊಟ್ಟರೆ ಈ 128ರ ಬೆಲೆ ಗೊತ್ತಾಗುತ್ತದೆ. ಉಪಕರಣ ಹಳೆಯ ಸೆಟ್ಟಿಂಗ್ ಮರೆತು ಹೊಸದಾಗಿ ಎದ್ದಿರುತ್ತದೆ, ಬೆಳಗ್ಗೆ ನೋಡಿದರೆ ಅಂಕಿಗಳೆಲ್ಲ ನೆಟ್ಟಗೇ ಕಾಣುತ್ತವೆ.

ನನಗೆ ಜಾಣತನ ಕಾಣುವುದು ಅಳಿಸುವ ಬಗೆಯಲ್ಲಿ. ಘಟನೆ ಕ್ಷಣಮಾತ್ರದ್ದಾದರೂ ಅದರ ಗುರುತು ಓದುವವರೆಗೆ ನಿಲ್ಲಬೇಕು; ಓದಿದ ಮೇಲೆ ಹೋಗಬೇಕು, ಇಲ್ಲವಾದರೆ ಮುಂದಿನ ಘಟನೆಯನ್ನು ಹಳೆಯದರಿಂದ ಬೇರ್ಪಡಿಸುವುದು ಹೇಗೆ? ಓದುವುದಕ್ಕೊಂದು, ಅಳಿಸುವುದಕ್ಕೊಂದು ಎಂದು ಎರಡು ಆದೇಶವಿದ್ದರೆ, ಅವೆರಡರ ನಡುವಿನ ಮಿಲಿಸೆಕೆಂಡುಗಳಲ್ಲಿ ಆದ ತಪ್ಪು ಯಾರ ಕಣ್ಣಿಗೂ ಬೀಳದೆ ಅಳಿದುಹೋಗುತ್ತದೆ. ಆದ್ದರಿಂದ ಓದುವುದೂ ಅಳಿಸುವುದೂ ಒಂದೇ ಕ್ರಿಯೆಯಾಯಿತು. ಸ್ಟೇಟಸ್ ಬೈಟಿಗೆ ಈ ನಿಯಮವಿಲ್ಲ, ‘*ಎಸ್‌ಟಿಬಿ?’ ಎಷ್ಟು ಸಲ ಕೇಳಿದರೂ ಏನೂ ಅಳಿಯದು, ಏಕೆಂದರೆ ಅದು ಬೇರೆಡೆ ಇರುವುದರ ಸಾರಾಂಶವಷ್ಟೆ.

ಉಪಕರಣಗಳಿಗೆ ಆದೇಶ ಕೊಡಲೆಂದೇ 1990ರಲ್ಲಿ ಬಂದ ಎಸ್‌ಸಿಪಿಐ ಭಾಷೆ ದೋಷಗಳಿಗೆ ಸರದಿ ಸಾಲನ್ನೂ ಒದಗಿಸಿತು. ಬರೀ 32 ಎನ್ನುವ ಬದಲು ಮೈನಸ್ 113, ಅಂದರೆ ‘ಇಂಥ ಆದೇಶ ಗೊತ್ತಿಲ್ಲ’ ಎಂದು ಬಿಡಿಸಿ ಹೇಳುತ್ತದೆ. ಒಂದನ್ನು ಓದಿದರೆ ಆ ಒಂದೇ ಸಾಲಿನಿಂದ ಹೊರಬೀಳುತ್ತದೆ.

ಎಲ್ಲವನ್ನೂ ಒಮ್ಮೆಲೇ ಗುಡಿಸುವ ‘*ಸಿಎಲ್‌ಎಸ್’ ಇದ್ದೇ ಇದೆ. ಅದನ್ನು ಪ್ರೋಗ್ರಾಮಿನ ಆರಂಭದಲ್ಲಿ ಬಳಸಿ. ಪ್ರತಿ ಓದಿನ ಬೆನ್ನಿಗೂ ಕಳಿಸಿದರೆ, 1987ರಲ್ಲಿ ಮುಚ್ಚಿದ ಕಂಡಿಯನ್ನು ನೀವೇ ತೆರೆದಂತಾಗುತ್ತದೆ. ಓದಿದ ಅಂಕಿಯನ್ನು ಮೊದಲು ಒಂದು ವೇರಿಯೆಬಲ್ಲಿನಲ್ಲಿ ಇಟ್ಟುಕೊಳ್ಳಿ, ಪರೀಕ್ಷೆ ಆಮೇಲೆ ಮಾಡಿ. ಉಪಕರಣ ಅದನ್ನು ಎರಡನೆಯ ಸಲ ಹೇಳುವುದಿಲ್ಲ.