ಐದು ತಾಲ್ಲೂಕುಗಳೂ ನಿರ್ವಹಣ ಶಾಸ್ತ್ರವೂ

ಪದವಿ ಪರೀಕ್ಷೆಯಲ್ಲಿ ತೇರ್ಗಡೆಯಾದ ತರುಣರು ಮುಂದೆ ಏನನ್ನು ಓದಬೇಕೆಂಬ ಪ್ರಶ್ನೆ ಬಂದಾಗ, ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳ ಮನೆಗಳಲ್ಲಿ ಇಂದು ಕೇಳಿಬರುವ ಹೆಸರುಗಳಲ್ಲಿ ಎಂ.ಬಿ.ಎ. ಎಂಬುದೊಂದು. ತಂದೆ ಸಾಲ ಮಾಡುವನು. ತಾಯಿ ಒಡವೆಯನ್ನು ಒತ್ತೆಯಿಡುವಳು. ಮಗನೋ ಮಗಳೋ ಎರಡು ವರ್ಷ ಓದಿ ಪದವಿಪತ್ರದೊಡನೆ ಬೆಂಗಳೂರಿನ ದಾರಿ ಹಿಡಿಯುವರು. ದೊರೆತರೆ ಒಂದು ಕಂಪೆನಿಯ ನೌಕರಿ. ದೊರೆಯದಿದ್ದರೆ ಸಾಲದ ಕಂತು. ಈ ವ್ಯಾಸಂಗದಲ್ಲಿ ಕಲಿಸುವ ವಿಷಯಗಳಾವುವು, ಅವುಗಳಿಗೂ ನಮ್ಮ ಹೊಲ, ಪೇಟೆ, ಸಂಘಗಳಿಗೂ ಇರುವ ಸಂಬಂಧವೇನು ಎಂದು ವಿಚಾರಿಸುವವರು ವಿರಳ. ವಿಚಾರಿಸಿ ನೋಡಿದರೆ, ಈ ಶಾಸ್ತ್ರದ ಒಂದೊಂದು ವಿಷಯಕ್ಕೂ ಈ ಐದು ತಾಲ್ಲೂಕುಗಳಲ್ಲಿಯೇ ಪ್ರಯೋಗಶಾಲೆ ಸಿದ್ಧವಾಗಿದೆಯೆಂಬುದು ಮನವರಿಕೆಯಾಗದಿರದು.

ಈ ಸೀಮೆಯ ಚರಿತ್ರೆಯನ್ನು ವಾಚಕರು ಬಲ್ಲರು. ಮದರಾಸು ಪ್ರಾಂತ್ಯಕ್ಕೆ ಸೇರಿದ್ದ ಬಳ್ಳಾರಿ ಜಿಲ್ಲೆಯ ಕನ್ನಡ ತಾಲ್ಲೂಕುಗಳು 1953ನೆಯ ಅಕ್ಟೋಬರ್ 1ರಂದು ಮೈಸೂರು ರಾಜ್ಯವನ್ನು ಕೂಡಿಕೊಂಡುವು. ಹರಪನಹಳ್ಳಿಯು 1997ರಲ್ಲಿ ದಾವಣಗೆರೆ ಜಿಲ್ಲೆಗೆ ಹೋಗಿ, ಮರಳಿ ಬಳ್ಳಾರಿಗೆ ಬಂದು, 2021ರಲ್ಲಿ ಉಳಿದ ನಾಲ್ಕರೊಡನೆ ಹೊಸ ವಿಜಯನಗರ ಜಿಲ್ಲೆಯ ಅಂಗವಾಯಿತು. 2010ರಲ್ಲಿ ಬಳ್ಳಾರಿಯಲ್ಲಿ ಶ್ರೀಕೃಷ್ಣದೇವರಾಯನ ಹೆಸರಿನ ವಿಶ್ವವಿದ್ಯಾಲಯವೂ ಸ್ಥಾಪಿತವಾಯಿತು. ಸಂವಿಧಾನದ 371ಜೆ ವಿಧಿಯ ರಕ್ಷಣೆಯೂ ದೊರೆತಿದೆ. ಆಡಳಿತದ ಗಡಿಗಳು ಬದಲಾದುವು, ವಿದ್ಯೆಯ ಬಾಗಿಲು ಹತ್ತಿರ ಬಂದಿತು. ಆದರೆ ಆ ವಿದ್ಯೆ ನಮ್ಮ ಪೇಟೆಯ ತಕ್ಕಡಿಯ ಬಳಿಗೆ ಬಂದಿತೆ? ಪ್ರಶ್ನೆ ಇದು.

ನಿರ್ವಹಣ ಶಾಸ್ತ್ರವು ಹುಟ್ಟಿದ್ದು ಕಾರ್ಖಾನೆಗಳ ನಡುವೆ ಎಂಬುದು ನಿಜ. ಅಮೆರಿಕದ ಹಾರ್ವರ್ಡ್ ವಿದ್ಯಾಪೀಠವು ಎಂ.ಬಿ.ಎ. ವ್ಯಾಸಂಗವನ್ನು ಆರಂಭಿಸಿದ್ದು 1908ರಲ್ಲಿ. ಕೆಲಸದ ಒಂದೊಂದು ಚಲನೆಯನ್ನೂ ಗಡಿಯಾರವಿಟ್ಟು ಅಳೆದ ಟೇಲರನ ಗ್ರಂಥ ಹೊರಬಂದದ್ದು 1911ರಲ್ಲಿ. ನಮ್ಮ ದೇಶದಲ್ಲಿ 1961ರಲ್ಲಿ ಕಲಕತ್ತೆ ಮತ್ತು ಅಹಮದಾಬಾದುಗಳಲ್ಲಿಯೂ, 1973ರಲ್ಲಿ ಬೆಂಗಳೂರಿನಲ್ಲಿಯೂ ಭಾರತೀಯ ನಿರ್ವಹಣ ಸಂಸ್ಥೆಗಳು ಏರ್ಪಟ್ಟವು. ಆದಕಾರಣ ಇದು ದೊಡ್ಡ ಬಂಡವಾಳಗಾರರ ವಿದ್ಯೆ, ಮಳೆಯನ್ನು ನಂಬಿದ ಬಯಲುಸೀಮೆಗೆ ಇದರಿಂದೇನು ಎಂದು ಕೆಲವರು ಆಕ್ಷೇಪಿಸುವುದುಂಟು. ಈ ಆಕ್ಷೇಪಣೆಗೆ ಉತ್ತರವನ್ನು ಪಠ್ಯಕ್ರಮದೊಳಗೇ ಹುಡುಕೋಣ.

ಮೊದಲನೆಯದು ಲೆಕ್ಕಶಾಸ್ತ್ರ. ಪ್ರತಿಯೊಂದು ವ್ಯವಹಾರವನ್ನೂ ಜಮೆಯ ಕಡೆಗೂ ಖರ್ಚಿನ ಕಡೆಗೂ ಬರೆಯುವ ಪದ್ಧತಿಯನ್ನು 1494ರಲ್ಲಿ ವೆನಿಸ್ ನಗರದಲ್ಲಿ ಅಚ್ಚಾದ ತನ್ನ ಗ್ರಂಥದಲ್ಲಿ ಲೂಕಾ ಪಾಚಿಯೋಲಿ ಎಂಬ ಸಂನ್ಯಾಸಿಯು ವಿವರಿಸಿದನು. ನಮ್ಮ ಅಡತಿ ಅಂಗಡಿಗಳಲ್ಲಿ ಖಿರ್ದಿ, ಖತಾವಣಿಗಳು ತಲೆಮಾರುಗಳಿಂದ ಇವೆ. ಆದರೆ ರೈತನ ಮನೆಯಲ್ಲಿ? ಬೀಜಕ್ಕೆ ಎಷ್ಟು, ಗೊಬ್ಬರಕ್ಕೆ ಎಷ್ಟು, ಮನೆಯವರು ದುಡಿದ ದಿನಗಳಿಗೆ ಕೂಲಿ ಎಷ್ಟು ಎಂಬುದು ಬರೆದಿರುವುದಿಲ್ಲ. ಬರೆಯದಿದ್ದಾಗ, ಕೈಗೆ ಬಂದ ರೊಕ್ಕವೆಲ್ಲ ಲಾಭವೆಂದೇ ಕಾಣುವುದು. ಎತ್ತಿನ ಸವಕಳಿಯನ್ನೂ ಪಂಪಿನ ಸವಕಳಿಯನ್ನೂ ಲೆಕ್ಕಕ್ಕೆ ಹಿಡಿದರೆ, ಲಾಭವೆಂದು ತಿಳಿದದ್ದು ಎಷ್ಟೋ ಸಲ ನಷ್ಟವೆಂದು ಹೊರಬೀಳುವುದು. ಅಡಾವೆ ಪತ್ರಿಕೆಯನ್ನು ಓದಬಲ್ಲ ಸದಸ್ಯರು ಹತ್ತು ಮಂದಿ ಇದ್ದರೆ, ಒಂದು ಸಹಕಾರ ಸಂಘವು ಸದ್ದಿಲ್ಲದೆ ಮುಳುಗುವುದು ಸುಲಭವಲ್ಲ.

ಎರಡನೆಯದು ಅರ್ಥಶಾಸ್ತ್ರ ಮತ್ತು ಅದರ ಒಡನಾಡಿಯಾದ ಸಂಖ್ಯಾಶಾಸ್ತ್ರ. ಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ಭರತ ಹುಣ್ಣಿಮೆಯ ಜಾತ್ರೆಯಲ್ಲಿ ಗೊರವಯ್ಯನು ನುಡಿಯುವ ಕಾರಣಿಕವನ್ನು ಕೇಳಲು ಲಕ್ಷಾಂತರ ಜನರು ನೆರೆಯುವರು. ಮುಂಬರುವ ವರ್ಷದ ಮಳೆಬೆಳೆಯನ್ನು ಅದರಲ್ಲಿ ಅರ್ಥೈಸುವರು. ಅದು ಶ್ರದ್ಧೆಯ ಮಾತು. ಅದಕ್ಕೆ ಅದರ ಸ್ಥಾನವಿದೆ. ಸಂಖ್ಯಾಶಾಸ್ತ್ರದ ಕೆಲಸ ಬೇರೆ. ನಿದರ್ಶನಾರ್ಥವಾಗಿ, ಒಂದು ವರ್ಷ 300 ಮಿಲಿಮೀಟರ್, ಮರುವರ್ಷ 900 ಮಿಲಿಮೀಟರ್ ಮಳೆಯಾದರೆ ಸರಾಸರಿ 600 ಎನ್ನಬಹುದು. ಆದರೆ 600ನ್ನು ನಂಬಿ ಬಿತ್ತಿದವನು ಮೊದಲ ವರ್ಷ ಒಣಗುವನು, ಎರಡನೆಯ ವರ್ಷ ಕೊಳೆಯುವನು. ಸರಾಸರಿಗಿಂತಲೂ ಏರಿಳಿತವೇ ಮುಖ್ಯವೆಂಬ ಈ ಒಂದು ಪಾಠವನ್ನು ಕೂಡ್ಲಿಗಿಯ ಶೇಂಗಾ ಹೊಲಕ್ಕಿಂತ ಚೆನ್ನಾಗಿ ಯಾವ ಪುಸ್ತಕ ಕಲಿಸೀತು? ಬೆಳೆಯ ವಿಮೆ, ಮಿಶ್ರ ಬೆಳೆ, ಕಾಳಿನ ಸಂಗ್ರಹ ಇವೆಲ್ಲವೂ ಆ ಏರಿಳಿತಕ್ಕೆ ಕೊಡುವ ಉತ್ತರಗಳೇ.

ಮೂರನೆಯದು ಹಣಕಾಸು. ಇಂದಿನ ರೂಪಾಯಿಗೂ ನಾಲ್ಕು ತಿಂಗಳ ಅನಂತರದ ರೂಪಾಯಿಗೂ ಬೆಲೆ ಒಂದೇ ಅಲ್ಲ ಎಂಬುದು ಇದರ ಮೂಲಸೂತ್ರ. ಹರಪನಹಳ್ಳಿಯ ರೈತನೊಬ್ಬನು 100 ಕ್ವಿಂಟಲ್ ಮೆಕ್ಕೆಜೋಳವನ್ನು ಸುಗ್ಗಿಯಲ್ಲಿ ಮಾರದೆ ನಾಲ್ಕು ತಿಂಗಳು ಇಟ್ಟುಕೊಳ್ಳುವನೆಂದು ಭಾವಿಸೋಣ. ಸುಗ್ಗಿಯ ಧಾರಣೆ ಕ್ವಿಂಟಲಿಗೆ 2,000 ರೂಪಾಯಿ. ಒಟ್ಟು ಎರಡು ಲಕ್ಷ. ವರ್ಷಕ್ಕೆ ನೂರಕ್ಕೆ ಹನ್ನೆರಡರಂತೆ ನಾಲ್ಕು ತಿಂಗಳ ಬಡ್ಡಿ 8,000. ಉಗ್ರಾಣದ ಬಾಡಿಗೆ ತಿಂಗಳಿಗೆ ಕ್ವಿಂಟಲಿಗೆ ಎಂಟು ರೂಪಾಯಿಯಂತೆ 3,200. ಒಣಗಿಯೂ ಹುಳು ತಿಂದೂ ಎರಡು ಕ್ವಿಂಟಲ್ ಕಡಮೆಯಾದರೆ ಉಳಿಯುವುದು 98. ಆಗ ಕ್ವಿಂಟಲಿಗೆ ಸುಮಾರು 2,155 ರೂಪಾಯಿ ಬಂದರೆ ಮಾತ್ರ ಅವನಿಗೆ ಸರಿಸಮ. ಅದಕ್ಕಿಂತ ಹೆಚ್ಚು ಬಂದರೆ ಲಾಭ, 2,100 ಬಂದರೆ ಧಾರಣೆ ಏರಿಯೂ ನಷ್ಟ! ಕಾದವನಿಗೆ ಲಾಭವೆಂಬ ಮಾತೂ, ಕೂಡಲೆ ಮಾರುವುದೇ ಲೇಸೆಂಬ ಮಾತೂ ಲೆಕ್ಕವಿಲ್ಲದೆ ಸಮಾನವಾಗಿ ಕುರುಡು. ಉಗ್ರಾಣದ ರಸೀದಿಯನ್ನೇ ಅಡವಿಟ್ಟು ಬ್ಯಾಂಕಿನಿಂದ ಸಾಲ ಪಡೆಯುವುದಕ್ಕೆ 2007ರ ಕಾಯಿದೆಯು ಬಲ ಕೊಟ್ಟಿದೆ. ಅದರ ಪ್ರಯೋಜನ ಪಡೆಯಲು ಈ ಲೆಕ್ಕವನ್ನು ಹಾಕಿ ತೋರಿಸುವ ಒಬ್ಬ ವಿದ್ಯಾವಂತ ಬೇಕು.

ನಾಲ್ಕನೆಯದು ಮಾರುಕಟ್ಟೆ ಶಾಸ್ತ್ರ. ಹಡಗಲಿಯ ಮಲ್ಲಿಗೆಗೆ ಭೌಗೋಳಿಕ ಸೂಚಕದ ನೋಂದಣಿ ದೊರೆತಿರುವುದು ನಮಗೆಲ್ಲರಿಗೂ ಅಭಿಮಾನದ ಸಂಗತಿ. ಆದರೆ ಹೆಸರಿನ ಹಕ್ಕು ಬೇರೆ, ಹೆಸರಿನ ಬೆಲೆ ಬೇರೆ. ನಸುಕಿನಲ್ಲಿ ಬಿಡಿಸಿದ ಮೊಗ್ಗು ಅರಳುವುದರೊಳಗಾಗಿ ಕೊಳ್ಳುವವನ ಕೈ ಸೇರದಿದ್ದರೆ ಆ ಹಕ್ಕುಪತ್ರವನ್ನು ಮೂಸಿ ನೋಡುವವರಾರು? ಮೊಗ್ಗನ್ನು ದರ್ಜೆ ಮಾಡುವುದು, ತಂಪಾಗಿ ಕಟ್ಟುವುದು, ದೂರದ ಪೇಟೆಗಳ ಧಾರಣೆಯನ್ನು ದಿನವೂ ತಿಳಿಯುವುದು, ಹಬ್ಬವಿಲ್ಲದ ದಿನಗಳಲ್ಲಿ ಮಿಕ್ಕ ಹೂವಿಗೆ ಸುಗಂಧದ್ರವ್ಯದಂಥ ಬೇರೆ ದಾರಿ ಹುಡುಕುವುದು, ಇವೇ ಮಾರುಕಟ್ಟೆ ಶಾಸ್ತ್ರದ ಅಧ್ಯಾಯಗಳು. ನಮ್ಮ ರಾಜ್ಯವು ಕೃಷಿ ಮಾರುಕಟ್ಟೆಗಳನ್ನು ವಿದ್ಯುನ್ಮಾನದ ಮೂಲಕ ಜೋಡಿಸುವ ಏಕೀಕೃತ ವ್ಯವಸ್ಥೆಯನ್ನು 2014ರಲ್ಲಿಯೇ ಆರಂಭಿಸಿತು. ಕೇಂದ್ರ ಸರಕಾರವು 2016ರಲ್ಲಿ ಅದೇ ಹಾದಿ ಹಿಡಿಯಿತು. ದೂರದ ವರ್ತಕನು ಸರಕನ್ನು ಕಣ್ಣಾರೆ ನೋಡದೆ ಬೆಲೆ ಕೂಗಬೇಕಾದರೆ, ಕೊಟ್ಟೂರಿನ ಪೇಟೆಯಲ್ಲಿ ಚೀಲದೊಳಗಿನ ಕಾಳಿನ ತೇವವೂ ದರ್ಜೆಯೂ ನಂಬಿಕೆಯಿಂದ ಅಳೆಯಲ್ಪಡಬೇಕು. ಯಂತ್ರವು ಧಾರಣೆಯನ್ನು ತೋರಿಸಬಲ್ಲುದು. ನಂಬಿಕೆಯನ್ನು ಮನುಷ್ಯರೇ ಕಟ್ಟಬೇಕು.

ಐದನೆಯದು ಉತ್ಪಾದನೆ ಮತ್ತು ಸಾಗಾಣಿಕೆಯ ನಿರ್ವಹಣೆ. ಹಾಲಿನ ವಾಹನವು ಯಾವ ಹಳ್ಳಿಯಿಂದ ಯಾವ ಹಳ್ಳಿಗೆ ಹೋದರೆ ದಾರಿ ಕಡಮೆ, ಹಾಲು ಕೆಡದೆ ಉಳಿಯುವುದು ಹೇಗೆ ಎಂಬುದು ಗಣಿತದಿಂದ ಬಿಡಿಸಬಹುದಾದ ಪ್ರಶ್ನೆ. ಹೊಸಪೇಟೆಯಿಂದ ಹಗರಿಬೊಮ್ಮನಹಳ್ಳಿ, ಕೊಟ್ಟೂರು, ಹರಪನಹಳ್ಳಿಗಳ ಮೂಲಕ ಹರಿಹರಕ್ಕೆ 2019ರಿಂದ ಪ್ರಯಾಣಿಕರ ರೈಲು ಓಡುತ್ತಿದೆ. ಈ ಮಾರ್ಗದಲ್ಲಿ ನಮ್ಮ ಕಾಳುಕಡ್ಡಿ ಎಷ್ಟು ಅಗ್ಗವಾಗಿ ಸಾಗೀತು, ಲಾರಿಗೂ ರೈಲಿಗೂ ಎಲ್ಲಿ ಸರಿತೂಗೀತು ಎಂಬ ಲೆಕ್ಕವೂ ಈ ವಿಷಯಕ್ಕೇ ಸೇರಿದ್ದು. ಜಾತ್ರೆಯ ಜನಸಂದಣಿಯೂ ಹಾಗೆಯೇ. 2017ರಲ್ಲಿ ಕೊಟ್ಟೂರೇಶ್ವರ ಸ್ವಾಮಿಯ ರಥವು ಉರುಳಿಬಿದ್ದ ದುರ್ಘಟನೆಯನ್ನು ಈ ಸೀಮೆಯವರು ಮರೆತಿಲ್ಲ. ಮುನ್ನವೇ ಪರೀಕ್ಷಿಸುವುದು, ಜನರ ಹರಿವಿಗೆ ದಾರಿ ಬಿಡುವುದು ಭಕ್ತಿಗೆ ವಿರೋಧವಲ್ಲ. ಭಕ್ತರ ರಕ್ಷಣೆಯೇ ಆಗಿದೆ.

ಆರನೆಯದು ಸಂಘಟನೆ ಮತ್ತು ದುಡಿಯುವವರ ವಿಚಾರ. 1924ರಿಂದ 1932ರವರೆಗೆ ಅಮೆರಿಕದ ಹಾಥಾರ್ನ್ ಕಾರ್ಖಾನೆಯಲ್ಲಿ ನಡೆದ ಪ್ರಯೋಗಗಳಿಂದ, ಕೂಲಿಯೊಂದೇ ಅಲ್ಲದೆ ಮನ್ನಣೆಯೂ ಮನುಷ್ಯನನ್ನು ದುಡಿಸುವುದೆಂಬ ವಿಚಾರ ಪ್ರಚಾರಕ್ಕೆ ಬಂದಿತು. ಮಳೆ ಕೈಕೊಟ್ಟ ವರ್ಷ ಇಲ್ಲಿಂದ ಕಾಫಿ ತೋಟಗಳಿಗೂ ಬೆಂಗಳೂರಿನ ಕಟ್ಟಡದ ಕೆಲಸಕ್ಕೂ ಗುಳೆ ಹೋಗುವ ಸಂಸಾರಗಳನ್ನು ನೋಡಿದವರಿಗೆ ಈ ವಿಷಯದ ಗಾಂಭೀರ್ಯ ತಿಳಿದೀತು. ಮುಂಗಡಕ್ಕೆ ಕಟ್ಟುಬಿದ್ದ ದುಡಿಮೆ, ಶಾಲೆ ತಪ್ಪಿದ ಮಕ್ಕಳು, ಲೆಕ್ಕ ಸಿಗದ ಕೂಲಿ, ಇವು ನಿರ್ವಹಣ ಶಾಸ್ತ್ರದ ಹೊರಗಿನ ವಿಷಯಗಳಲ್ಲ.

ಕೊನೆಗೆ ಕಾನೂನು, ಕಾರ್ಯತಂತ್ರ, ನೀತಿ. 2002ರಲ್ಲಿ ಕಂಪೆನಿ ಕಾಯಿದೆಗೆ ಆದ ತಿದ್ದುಪಡಿಯ ಪ್ರಕಾರ, ಹತ್ತು ಮಂದಿ ಬೆಳೆಗಾರರು ಕೂಡಿ ಉತ್ಪಾದಕರ ಕಂಪೆನಿಯನ್ನು ಸ್ಥಾಪಿಸಬಹುದು; ವ್ಯಕ್ತಿಗಳೇ ಸದಸ್ಯರಾಗಿರುವಲ್ಲಿ, ಪಾಲು ಎಷ್ಟಿದ್ದರೂ ತಲೆಗೊಂದೇ ಮತ. ಸಹಕಾರದ ತತ್ತ್ವವೂ ಕಂಪೆನಿಯ ಶಿಸ್ತೂ ಕೂಡಿದ ಏರ್ಪಾಡು ಇದು. ಶೇಂಗಾ ಬೆಳೆಗಾರರು ಒಂದು ಎಣ್ಣೆಗಾಣವನ್ನು ಹಾಕುವರೆನ್ನೋಣ. ತಿಂಗಳ ಸ್ಥಿರ ಖರ್ಚು 30,000 ರೂಪಾಯಿ, ಲೀಟರಿಗೆ ಕಾಳು ಕೂಲಿಗಳ ಖರ್ಚು ಹೋಗಿ ಉಳಿಯುವುದು 20 ರೂಪಾಯಿ ಆದರೆ, 1,500 ಲೀಟರ್ ಮಾರುವವರೆಗೆ ಲಾಭದ ಮಾತೇ ಇಲ್ಲ. ಅಷ್ಟನ್ನು ಯಾರಿಗೆ ಮಾರುವೆವೆಂಬುದನ್ನು ಗಾಣ ಕೊಳ್ಳುವ ಮೊದಲೇ ಯೋಚಿಸುವುದು ಕಾರ್ಯತಂತ್ರ. ಮಾರುವ ಎಣ್ಣೆಯಲ್ಲಿ ಕಲಬೆರಕೆ ಮಾಡದಿರುವುದು ನೀತಿ. ಇವೆರಡೂ ಇಲ್ಲದೆ ಸಹಾಯಧನದ ಆಸೆಯಿಂದ ಹುಟ್ಟಿದ ಕಂಪೆನಿಯು ಸಹಾಯಧನ ತೀರಿದೊಡನೆ ಬೀಗ ಹಾಕಿಕೊಳ್ಳುವುದು.

ಇದು ಬರಿಯ ಆಶೆಯಲ್ಲವೆಂಬುದಕ್ಕೆ ರಾಷ್ಟ್ರದ ಚರಿತ್ರೆಯೇ ಸಾಕ್ಷಿ. ಜೆ.ಸಿ. ಕುಮಾರಪ್ಪನವರು ಅಮೆರಿಕದ ಸಿರಾಕ್ಯೂಸ್ ವಿದ್ಯಾಪೀಠದಲ್ಲಿ ಇದೇ ವ್ಯವಹಾರ ನಿರ್ವಹಣೆಯಲ್ಲಿ 1928ರಲ್ಲಿ ಪದವಿ ಪಡೆದವರು. ದೇಶಕ್ಕೆ ಮರಳಿ ಗಾಂಧೀಜಿಯವರನ್ನು ಕಂಡ ಮೇಲೆ ಅವರು ಕೈಕೊಂಡ ಮೊದಲ ದೊಡ್ಡ ಕೆಲಸವಾವುದು? ಗುಜರಾತ ವಿದ್ಯಾಪೀಠದ ವಿದ್ಯಾರ್ಥಿಗಳನ್ನು ಜೊತೆಗೂಡಿಸಿಕೊಂಡು ಖೇಡಾ ಜಿಲ್ಲೆಯ ಮಾತರ್ ಎಂಬ ಒಂದು ತಾಲ್ಲೂಕಿನ ಹಳ್ಳಿಗಳನ್ನು ಸುತ್ತಿ, ಅಲ್ಲಿಯ ಆದಾಯ ವೆಚ್ಚಗಳನ್ನು ಅಳೆದು ವರದಿ ಬರೆದದ್ದು. ಅದೇ ಖೇಡಾ ಜಿಲ್ಲೆಯ ಆನಂದದಲ್ಲಿ 1946ರಲ್ಲಿ ಹಾಲು ಉತ್ಪಾದಕರ ಸಹಕಾರ ಒಕ್ಕೂಟ ಹುಟ್ಟಿತು. 1979ರಲ್ಲಿ ಗ್ರಾಮೀಣ ನಿರ್ವಹಣೆಯನ್ನೇ ಕಲಿಸುವ ಸಂಸ್ಥೆಯೂ ಅಲ್ಲಿಯೇ ಹುಟ್ಟಿತು. ಇಷ್ಟು ದೂರವೂ ಹೋಗಬೇಕಾಗಿಲ್ಲ. ತುಂಗಭದ್ರೆಯ ಆಚೆಗಿನ ಗದಗ ಸೀಮೆಯ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಪಾಟೀಲರು ಕಟ್ಟಿದ ಸಹಕಾರ ಸಂಘವು ದೇಶಕ್ಕೇ ಮೇಲ್ಪಂಕ್ತಿಯಾಗಲಿಲ್ಲವೆ?

ಆದುದರಿಂದ ನಮ್ಮ ಸೂಚನೆ ಸರಳವಾಗಿದೆ. ಎಂ.ಬಿ.ಎ. ವಿದ್ಯಾರ್ಥಿಗಳು ಕೊನೆಯಲ್ಲಿ ಒಂದು ಅಧ್ಯಯನ ವರದಿಯನ್ನು ಬರೆಯಬೇಕಷ್ಟೆ. ಈ ಸೀಮೆಯ ವಿದ್ಯಾರ್ಥಿಗಳು ಅದನ್ನು ಈ ಐದು ತಾಲ್ಲೂಕುಗಳ ಒಂದೊಂದು ಸಂಘ, ಒಂದೊಂದು ಪೇಟೆ, ಒಂದೊಂದು ಬೆಳೆಯ ಮೇಲೆ ಬರೆಯಲಿ. ವರ್ಷಕ್ಕೆ ಇಪ್ಪತ್ತು ವರದಿಗಳಾದರೂ ಹತ್ತು ವರ್ಷಕ್ಕೆ ಇನ್ನೂರು. ಇದುವೇ ನಮ್ಮ ಮಾತರ್ ತಾಲ್ಲೂಕಿನ ವರದಿಯಾದೀತು. ಅವುಗಳ ಸಾರಾಂಶವು ಕನ್ನಡದಲ್ಲಿರಲಿ. ವರದಿಯು ಯಾರ ಬಾಳನ್ನು ಕುರಿತದ್ದೋ ಅವರೇ ಅದನ್ನು ಓದಲಾರದೆ ಹೋದರೆ ಪ್ರಯೋಜನವೇನು? ಕನ್ನಡದಲ್ಲಿ ಪರಿಭಾಷೆಯಿಲ್ಲವೆಂಬ ನೆವವೂ ಸಲ್ಲದು. ಅಸಲು, ಬಡ್ಡಿ, ಉದ್ದರಿ, ಮುಂಗಡ, ಸವಾಲು, ಅಡತಿ, ಖತಾವಣಿ ಎಂಬ ಮಾತುಗಳು ವಿಶ್ವವಿದ್ಯಾಲಯಕ್ಕಿಂತ ಮೊದಲೇ ನಮ್ಮ ಪೇಟೆಯಲ್ಲಿ ಹುಟ್ಟಿವೆ.

ಇದಕ್ಕೆ ವರ್ತಕರೂ ಅಧಿಕಾರಿಗಳೂ ನೆರವಾಗಬೇಕು. ವರ್ತಕರು ತಮ್ಮ ಖತಾವಣಿಯ ಗುಟ್ಟನ್ನು ಬಿಟ್ಟುಕೊಡಬೇಕಾಗಿಲ್ಲ. ಕಲಿಯಬಂದ ಹುಡುಗರಿಗೆ ಅಂಗಡಿಯ ಮೂಲೆಯಲ್ಲಿ ಒಂದು ತಿಂಗಳು ಸ್ಥಳ ಕೊಟ್ಟರೆ ಸಾಕು. ಅಧಿಕಾರಿಗಳು ತಮ್ಮ ಕಚೇರಿಯ ಅಂಕಿಅಂಶಗಳನ್ನು ಕೇಳಿದವರಿಗೆ ತೆರೆದು ತೋರಿಸಲಿ. ಸಂಘಗಳ ನಿರ್ದೇಶಕರು ಟೀಕೆಗೆ ಅಂಜದೆ ಅಡಾವೆ ಪತ್ರಿಕೆಯನ್ನು ಮುಂದಿಡಲಿ. ತರುಣರು ಪರಸ್ಥಳಕ್ಕೆ ಹೋಗಬಾರದೆಂದು ನಾವು ಹೇಳುವುದಿಲ್ಲ. ಹೋಗಲಿ, ಗಳಿಸಲಿ, ಕೀರ್ತಿ ಪಡೆಯಲಿ. ಆದರೆ ತಮ್ಮ ಊರಿನ ಒಂದು ಚೀಲ ಕಾಳಿಗೆ ಬೆಲೆ ಹೇಗೆ ಕಟ್ಟಲ್ಪಡುವುದೆಂಬುದನ್ನು ತಿಳಿದು ಹೋಗಲಿ. ಅಷ್ಟನ್ನು ತಿಳಿದವರಲ್ಲಿ ಹತ್ತಕ್ಕೊಬ್ಬರು ಇಲ್ಲಿಯೇ ನಿಂತರೂ, ತಾಯಿ ಒತ್ತೆಯಿಟ್ಟ ಒಡವೆಯ ಸಾಲವನ್ನು ತೀರಿಸುವುದರ ಜೊತೆಗೆ ತಮ್ಮನ್ನು ಬೆಳೆಸಿದ ನೆಲದ ಸಾಲವನ್ನೂ ತೀರಿಸಿದವರಾಗುವರು.