ನಿಮಗಿದು ಗೊತ್ತೇ? ಬೆರಳಿಗೆ ಟೋಪಿಯಾಗುವ ಹಣ್ಣು

ಹೆಸರಲ್ಲಿ ಬೆರಿ ಇದ್ದರೂ ಸಸ್ಯಶಾಸ್ತ್ರದ ಲೆಕ್ಕದಲ್ಲಿ ರಾಸ್ಪ್‌ಬೆರಿ ಬೆರಿಯೇ ಅಲ್ಲ! ಅದು ಗುಲಾಬಿಯ ಕುಟುಂಬದ್ದು. ನಾವು ಒಂದು ಹಣ್ಣು ಅನ್ನುವುದು ನೂರರ ಆಸುಪಾಸಿನ ಪುಟಾಣಿ ಹಣ್ಣುಗಳ ಗುಂಪು. ಪ್ರತಿಯೊಂದರೊಳಗೂ ಒಂದು ಬೀಜ. ಜೇನ್ನೊಣ ಸರಿಯಾಗಿ ಸುಳಿಯದಿದ್ದರೆ ಹಣ್ಣು ಮುಟ್ಟಿದೊಡನೆ ಪುಡಿಯಾಗಿ ಉದುರುತ್ತದೆ. ಹೂ ಬಿಟ್ಟಾಗ ಕೀಟನಾಶಕದ ಪಂಪು ಎತ್ತಬೇಡಿ.

ಮಾಗಿದ ಹಣ್ಣನ್ನು ಎರಡು ಬೆರಳಲ್ಲಿ ಹಿಡಿದು ಮೆಲ್ಲಗೆ ಎಳೆದರೆ ಸಾಕು, ಕೈಗೆ ಬರುತ್ತದೆ. ಬಿಳಿ ಮೊಳೆಯಂಥ ತಿರುಳು ಗಿಡದಲ್ಲೇ ಉಳಿಯುತ್ತದೆ. ಹಣ್ಣಿನೊಳಗೆ ಪೊಳ್ಳು, ಮಕ್ಕಳು ಬೆರಳ ತುದಿಗೆ ಟೋಪಿ ಹಾಕಿಕೊಂಡು ಒಂದೊಂದಾಗಿ ಬಾಯಿಗಿಡುವಷ್ಟು. ಬ್ಲ್ಯಾಕ್‌ಬೆರಿಯಲ್ಲಾದರೆ ಆ ತಿರುಳೂ ಹಣ್ಣಿನ ಜೊತೆಗೇ ಬರುತ್ತದೆ. ಎಳೆದಾಗ ಬಾರದ ಹಣ್ಣನ್ನು ಹಾಗೇ ಬಿಡಿ. ಮಾವಿನಂತೆ ಹುಲ್ಲಿನಲ್ಲಿಟ್ಟು ಮಾಗಿಸುವ ಆಟ ಇಲ್ಲಿ ನಡೆಯದು.

ಬೇರು ವರ್ಷಗಟ್ಟಲೆ ಬಾಳುತ್ತದೆ, ಕೋಲಿನ ಆಯುಸ್ಸು ಎರಡೇ ವರ್ಷ. ಮೊದಲ ವರ್ಷ ಹಸಿರಾಗಿ ಬೆಳೆದು, ಎರಡನೆಯ ವರ್ಷ ಹಣ್ಣು ಕೊಟ್ಟು ಒಣಗುತ್ತದೆ. ಗೊನೆ ಕೊಟ್ಟ ಬಾಳೆಯನ್ನು ಕಡಿದು ಕಂದು ಉಳಿಸಿಕೊಳ್ಳುವವರಿಗೆ ಇದರ ಸವರುವಿಕೆ ಹೇಳಿಕೊಡಬೇಕಿಲ್ಲ: ಸಿಪ್ಪೆ ಸುಲಿದ ಕಂದು ಬಣ್ಣದ ಹಳೆ ಕೋಲನ್ನು ಬುಡಕ್ಕೇ ಕತ್ತರಿಸಿ, ಹಸಿರನ್ನು ಮುಟ್ಟಬೇಡಿ. ಆದರೆ 1969ರಲ್ಲಿ ಅಮೆರಿಕದಲ್ಲಿ ಬಿಡುಗಡೆಯಾದ ‘ಹೆರಿಟೇಜ್’ನಂಥ ತಳಿಗಳು ಮೊದಲ ವರ್ಷದ ಕೋಲಿನಲ್ಲೇ ಹಣ್ಣು ಬಿಡುತ್ತವೆ. ಯಾವ ತಳಿಯೆಂದು ತಿಳಿಯದೆ ಕತ್ತರಿ ಹಿಡಿದರೆ ಬೆಳೆ ಹೋಯಿತು!

ಟೊಮೆಟೊ, ಬದನೆ, ಆಲೂಗಡ್ಡೆ, ಮೆಣಸಿನಕಾಯಿ ಬೆಳೆದಿದ್ದ ಮಡಿಯಲ್ಲಿ ಇದನ್ನು ನೆಡಬಾರದು. ಅವುಗಳನ್ನು ಸೊರಗಿಸುವ ವರ್ಟಿಸಿಲಿಯಂ ಶಿಲೀಂಧ್ರ ಮಣ್ಣಲ್ಲಿ ಕಾದು ಕುಳಿತಿರುತ್ತದೆ.

ನೀರು ಬೇಕು, ನಿಂತ ನೀರು ಬೇಡ. ಬೇರು ಕೊಳೆತರೆ ಮತ್ತೆ ಚಿಗುರುವುದಿಲ್ಲ, ಏರುಮಡಿಯೇ ಕ್ಷೇಮ.

ಕೆಂಪು ರಾಸ್ಪ್‌ಬೆರಿಗೆ ಚಳಿಗಾಲದ ನಿದ್ದೆ ಬೇಕೇ ಬೇಕು. ಸಾಮಾನ್ಯ ತಳಿಗಳು 7 ಡಿಗ್ರಿಗಿಂತ ಕೆಳಗಿನ ಚಳಿಯನ್ನು ನೂರಾರು ಗಂಟೆ ಉಣ್ಣಬೇಕು. ಬೆಂಗಳೂರಿನಲ್ಲಿ ದಾಖಲಾದ ಅತಿ ಕಡಿಮೆ ಉಷ್ಣಾಂಶವೇ 7.8 ಡಿಗ್ರಿ, ಅದೂ 1884ರ ಜನವರಿಯಲ್ಲಿ! ನರ್ಸರಿಯವರು ಎಷ್ಟೇ ಹೊಗಳಿದರೂ ಬಾಲ್ಕನಿಯ ಕುಂಡಕ್ಕೆ ದುಡ್ಡು ಸುರಿಯಬೇಡಿ.

ಚಳಿಯ ಹಂಗಿಲ್ಲದ ನಂಟನೊಬ್ಬನಿದ್ದಾನೆ. ಅವನ ಹೆಸರು ‘ಮೈಸೂರು ರಾಸ್ಪ್‌ಬೆರಿ’! ಭಾರತದ ಬೆಟ್ಟಗಳಲ್ಲೂ ಬೆಳೆಯುವ ಈ ಗಿಡದ ಕೋಲಿಗೆ ವಿಭೂತಿ ಬಳಿದಂಥ ಬಿಳಿ ಪುಡಿ, ಹಣ್ಣು ಮಾಗಿದಾಗ ಕಡುನೇರಳೆ. ಸೆಖೆಯ ಫ್ಲಾರಿಡಾದ ಹಿತ್ತಲುಗಳಲ್ಲಿ ಇದನ್ನು ಬೆಳೆಸುತ್ತಾರೆ. ಮೈಸೂರಿನಲ್ಲಿ ಮಾತ್ರ ಮೈಸೂರು ಪಾಕಿನಷ್ಟು ಹೆಸರು ಇದಕ್ಕಿಲ್ಲ, ಬಿಡಿ.

ನೆಡುವವರು ಬೇಲಿಯ ಬದಿಗೆ ನೆಟ್ಟು ತಂತಿಗೆ ಕಟ್ಟಿ. ಬಾಗಿದ ಕೋಲಿನ ತುದಿ ನೆಲ ಮುಟ್ಟಿದರೆ ಅಲ್ಲೇ ಬೇರು ಬಿಟ್ಟು ಇನ್ನೊಂದು ಗಿಡ. ಬೀಜ ಹರಡಲು ಹಕ್ಕಿಗಳಿವೆ. ಗಲಪಗಾಸ್ ದ್ವೀಪಗಳಲ್ಲಿ ನಮ್ಮ ಮೈಸೂರು ರಾಸ್ಪ್‌ಬೆರಿ ಕಾಡನ್ನೇ ಮುಚ್ಚುವ ಕಳೆ.