ತೊಟ್ಟಿಯ ಬೆಳಕು

ನಂಜನಗೂಡಿನಲ್ಲಿ ನನ್ನದೊಂದು ಪುಟ್ಟ ಬಾಡಿಗೆ ರೂಮು. ಹಗಲು ಅಂಗಡಿಯೊಂದರಲ್ಲಿ ಲೆಕ್ಕ ಬರೆಯುತ್ತೇನೆ, ರಾತ್ರಿ ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತೇನೆ. ಎರಡು ಸಲ ಬರೆದೆ, ಎರಡು ಸಲವೂ ಪಟ್ಟಿಯಲ್ಲಿ ಹೆಸರಿಲ್ಲ. ರೂಮಿನಲ್ಲಿ ಕಬ್ಬಿಣದ ಮಂಚ, ಮುರಿದ ಕುರ್ಚಿ, ಹಳೆಯ ಪ್ರಶ್ನೆಪತ್ರಿಕೆಗಳ ಗಂಟು, ಗೋಡೆ ತುಂಬ ನಾನೇ ಅಂಟಿಸಿದ ಟೈಮ್‌ಟೇಬಲ್‌ಗಳು. ಓದಲು ಕೂತರೆ ಉಸಿರು ಕಟ್ಟಿದಂತಾಗುತ್ತಿತ್ತು.

ತಲೆ ಹಗುರಾಗಲೆಂದು ಮೊಬೈಲಿನಲ್ಲಿ ಜಪಾನಿನ ಹಳೆ ಮನೆಗಳ ವಿಡಿಯೊ ನೋಡುವ ಚಟ ಹತ್ತಿತು. ಅಲ್ಲಿ ನೆಲಕ್ಕೆ ಹುಲ್ಲಿನ ದಪ್ಪ ಚಾಪೆ, ಹೆಸರು ತತಾಮಿ. ಕೋಣೆಯ ಅಳತೆ ಹೇಳುವುದೂ ಚಾಪೆಯ ಲೆಕ್ಕದಲ್ಲೇ: ನಾಲ್ಕೂವರೆ ಚಾಪೆ, ಆರು ಚಾಪೆ. ರಾತ್ರಿ ಹಾಸಿದ ಹಾಸಿಗೆ ಬೆಳಗ್ಗೆ ಮಡಚಿ ಕಪಾಟು ಸೇರುತ್ತದೆ, ಮಲಗಿದ ಜಾಗವೇ ಹಗಲು ನಡುಮನೆ. ತೊಕೊನೊಮಾ ಎಂಬ ಗೂಡಿನಲ್ಲಿ ಒಂದು ಚಿತ್ರ, ಒಂದಿಷ್ಟು ಹೂವು. ಕ್ಯೋಟೊದ ಇಕ್ಕಟ್ಟಾದ ಪೇಟೆಮನೆಗಳ ಒಳಗೂ ಆಕಾಶ ಕಾಣುವ ಪುಟ್ಟ ಅಂಗಳ, ಅದರಲ್ಲಿ ಕಲ್ಲು, ಪಾಚಿ, ಗಿಡ. ತ್ಸುಬೊನಿವಾ ಎನ್ನುತ್ತಾರೆ. ಒಂದು ತ್ಸುಬೊ ಎಂದರೆ ಎರಡು ಚಾಪೆಯಷ್ಟು ಜಾಗ, ಸುಮಾರು 3.3 ಚದರ ಮೀಟರ್.

ಭಾನುವಾರ ತಿ. ನರಸೀಪುರದ ಹತ್ತಿರದ ನಮ್ಮೂರಿಗೆ ಹೋದಾಗ ಅಜ್ಜಿಗೆ ತೋರಿಸಿದೆ. ‘ನಮ್ಮ ತೊಟ್ಟಿ ಹಂಗೇ ಅದಲ್ಲ ಕೂಸೇ’ ಎಂದು ಫೋನು ವಾಪಸು ಕೊಟ್ಟರು.

ಹೌದಲ್ಲ! ನಾನು ಬೆಳೆದದ್ದೇ ತೊಟ್ಟಿಮನೆಯಲ್ಲಿ. ಮುಂದೆ ಜಗಲಿ, ಒಳಗೆ ಕಂಬಸಾಲು, ನಡುವೆ ಬಯಲಿಗೆ ತೆರೆದ ತೊಟ್ಟಿ. ನಾಲ್ಕೂ ಕಡೆಯ ಹೆಂಚಿನಿಂದ ಮಳೆ ಅದಕ್ಕೇ ಇಳಿದು ತೂಬಿನಲ್ಲಿ ಹೊರಗೆ ಹೋಗುತ್ತದೆ. ಬಿಸಿಗಾಳಿ ತೊಟ್ಟಿಯ ಬಾಯಿಂದ ಮೇಲೇರಿದರೆ ಬಾಗಿಲಿನಿಂದ ತಂಪು ಒಳಗೆ ಬರುತ್ತದೆ. ಬೆಳಗಾದರೆ ಎಲ್ಲರ ಚಾಪೆಯೂ ಸುತ್ತಿ ಮೂಲೆ ಸೇರಬೇಕು, ಇಲ್ಲದಿದ್ದರೆ ಬೈಗುಳ.

ಹಾಗೆಂದು ಹಳೆಯದೆಲ್ಲ ಚಿನ್ನವಲ್ಲ. ಜಗಲಿ ದಾಟಿ ಒಳಗೆ ಬರಲು ಬಿಡದ ಜನರೂ ಊರಲ್ಲಿದ್ದರು. ಅಡುಗೆಮನೆಯ ಹೊಗೆ ಕುಡಿದು ಕೆಮ್ಮಿದವರು ಅಜ್ಜಿಯೇ. ಮನೆ ಖಾಲಿ ಇದ್ದದ್ದಕ್ಕೆ ಕೊಳ್ಳಲು ದುಡ್ಡಿಲ್ಲದ್ದೂ ಒಂದು ಕಾರಣ.

ಆದರೂ ರೂಮಿಗೆ ಮರಳಿದ ಮೇಲೆ ಮಂಚವನ್ನು ಮಾಲೀಕರಿಗೆ ಒಪ್ಪಿಸಿದೆ. ಕಾಗದದ ಗಂಟು ಗುಜರಿಗೆ ಹೋಯಿತು, ಕೈಗೆ ಬಂದದ್ದು ಎರಡು ಕಾಫಿಯ ಕಾಸು. ಊರಿಂದ ತಂದ ಚಾಪೆ, ಕಿಟಕಿಯಲ್ಲಿ ಚೊಂಬಿಗೊಂದು ದಾಸವಾಳ, ಅಷ್ಟೇ. ಅಡ್ಡವಿದ್ದ ಸೂಟ್‌ಕೇಸ್ ತೆಗೆದ ಮೇಲೆ ಕಿಟಕಿಯಾಚೆ ಹೊಂಗೆ ಮರವಿರುವುದು ಕಂಡಿತು. ವರ್ಷದಿಂದ ಅಲ್ಲೇ ಇತ್ತು! ನಿದ್ದೆ ಬರುತ್ತಿದೆ. ಪರೀಕ್ಷೆ ಪಾಸಾಗುತ್ತದೆಂದು ಹೇಳಲಾರೆ.

ಈಗಿನ ಚಿಂತೆ ಬೇರೆ. ಮನೆ ಪಾಲಾಗುತ್ತಿದೆ. ‘ತೊಟ್ಟಿ ಸುಮ್ಮನೆ ದಂಡ ಜಾಗ, ಮೇಲೆ ಶೀಟು ಹೊದಿಸಿದರೆ ಇನ್ನೊಂದು ರೂಮಾಗುತ್ತೆ’ ಎನ್ನುತ್ತಾರೆ ಚಿಕ್ಕಪ್ಪ. ಕೋತಿ ಕಾಟವಂತೆ, ಕಳ್ಳರ ಭಯವಂತೆ. ಅದೂ ಸುಳ್ಳಲ್ಲ. ಬೇಡವೆಂದೆ. ‘ಮೊದಲು ಒಂದು ಕೆಲಸ ಹಿಡಿ, ಆಮೇಲೆ ಮನೆ ವಿಚಾರ ಮಾತಾಡು’ ಎಂದರು. ಅಪ್ಪ ಸುಮ್ಮನಿದ್ದರು. ನನಗೂ ಬಾಯಿ ಬರಲಿಲ್ಲ.

ಮೊನ್ನೆ ನಂಜನಗೂಡಿನ ವೆಲ್ಡಿಂಗ್ ಅಂಗಡಿಗೆ ಹೋಗಿ ಶೀಟಿನ ಬದಲು ಕಬ್ಬಿಣದ ಜಾಲರಿ ಹಾಕಲು ಎಷ್ಟಾಗುತ್ತದೆಂದು ಕೇಳಿದೆ. ಕೋತಿ ಇಳಿಯುವುದಿಲ್ಲ, ಮಳೆ ಇಳಿಯುತ್ತದೆ. ಲೆಕ್ಕ ಬರೆದ ಚೀಟಿಯನ್ನು ಚಿಕ್ಕಪ್ಪನ ಕೈಗೇ ಕೊಟ್ಟಿದ್ದೇನೆ. ಓದಿ ಜೇಬಿಗೆ ಹಾಕಿಕೊಂಡರು. ಇನ್ನೂ ಏನೂ ಹೇಳಿಲ್ಲ.